ಎಲ್ಲವೂ ಬರುತ್ತದೆ, ಅದೊಂದು ಬಿಟ್ಟು

ಮನೆಗೆ ಅಂತರ್ಜಾಲವೇ ಬಾರದೆ ನಿಂತುಹೋದರೆ ಅದು ದೊಡ್ಡ ಕಷ್ಟವೇನಲ್ಲ. ಕೇಬಲ್ಲಿನವರಿಗೆ ಫೋನು ಮಾಡಿದರೆ, ರಸ್ತೆ ಅಗೆಯುವಾಗ ಫೈಬರ್ ಕತ್ತರಿಸಿದ್ದಾರೆ, ಸಂಜೆಯೊಳಗೆ ಸರಿಯಾಗುತ್ತದೆ ಎನ್ನುತ್ತಾರೆ. ನಾವೂ ರಸ್ತೆ ಅಗೆದವರನ್ನು ನಾಲ್ಕು ಮಾತು ಬೈದು ಸುಮ್ಮನಾಗುತ್ತೇವೆ. ನಿಜವಾದ ಕಷ್ಟ ಶುರುವಾಗುವುದು ಜಗತ್ತಿನ ಎಲ್ಲ ತಾಣಗಳೂ ಸರಾಗವಾಗಿ ತೆರೆದುಕೊಂಡು, ನಮಗೆ ಬೇಕಾದ ಒಂದೇ ಒಂದು ತಾಣ ತೆರೆಯದಿದ್ದಾಗ. ಆಗ ತಪ್ಪು ಯಾರದೂ ಆಗಿರುವುದಿಲ್ಲ. ತೆರೆದುಕೊಂಡ ಉಳಿದೆಲ್ಲ ತಾಣಗಳೂ ಒಬ್ಬೊಬ್ಬರ ಪರವಾಗಿಯೂ ಸಾಕ್ಷಿ ಹೇಳಲು ನಿಲ್ಲುತ್ತವೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಹೀಗೆ ಮುನಿಸಿಕೊಂಡದ್ದು ಪದಬಂಧದ ತಾಣ. ಯಾರೋ ಆಸಕ್ತರು ತಮ್ಮ ಪಾಡಿಗೆ ತಾವು ನಡೆಸುತ್ತಿರುವ, ಜಾಹೀರಾತಿನ ಸದ್ದೂ ಇಲ್ಲದ ಸಣ್ಣ ತಾಣವದು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ನಮ್ಮ ಮಾವ, ಬೆಳಗಿನ ಕಾಫಿಯಾದ ಮೇಲೆ ಹಾಲಿನ ಮೂಲೆಯಲ್ಲಿರುವ ಕಂಪ್ಯೂಟರಿನ ಮುಂದೆ ಕುಳಿತು, ಪಂಚೆಯ ಅಂಚಿನಲ್ಲಿ ಕನ್ನಡಕ ಒರೆಸಿಕೊಂಡು, ಅಂದಿನ ಪದಬಂಧ ತುಂಬಿದ ನಂತರವೇ ಸ್ನಾನಕ್ಕೆ ಏಳುವುದು. ಮೊಬೈಲಿನಲ್ಲಿ ಆ ಚೌಕಗಳು ಕಣ್ಣಿಗೆ ಹತ್ತುವುದಿಲ್ಲವೆಂದು ಅವರು ಅದನ್ನು ಮುಟ್ಟುವುದಿಲ್ಲ. ಹೀಗಾಗಿ ತಾಣ ಬಾರದ ದಿನದಿಂದ ಮನೆಯಲ್ಲಿ ಸ್ನಾನ, ಪೂಜೆ, ತಿಂಡಿ ಎಲ್ಲದರ ಹೊತ್ತೂ ಜಾರತೊಡಗಿತು.

ರೋಗದ ಲಕ್ಷಣ ಬಲು ಸರಳವಾಗಿತ್ತು. ವಿಳಾಸ ಒತ್ತಿದ ಕೂಡಲೇ ಮೇಲಿನ ಪುಟ್ಟ ಚಕ್ರ ತಿರುಗಲು ಶುರುವಾಗುತ್ತಿತ್ತು, ಎಡಗಡೆಯ ಕೆಳಮೂಲೆಯಲ್ಲಿ ಸುರಕ್ಷಿತ ಸಂಪರ್ಕ ಏರ್ಪಡುತ್ತಿದೆ ಎಂಬರ್ಥದ ಇಂಗ್ಲಿಷ್ ಸಾಲು ಮೂಡುತ್ತಿತ್ತು, ಆ ಸಂಪರ್ಕ ಏರ್ಪಡುತ್ತಲೇ ಇರುತ್ತಿತ್ತು. ಕೊನೆಗೆ, ತಾಣವು ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡಿತು ಎಂಬ ಷರಾ ಬರೆದು ಬ್ರೌಸರು ಕೈತೊಳೆದುಕೊಳ್ಳುತ್ತಿತ್ತು. ಸಿಡಿಲಿಗೆ ಹಳೆಯ ರೂಟರ್ ಸುಟ್ಟುಹೋಗಿ ಕೇಬಲ್ ಹುಡುಗ ಹೊಸದನ್ನು ಕೂರಿಸಿದ್ದು ಆಗಿನ ದಿನಗಳಲ್ಲೇ ನಿಜ. ಆದರೆ ಅವನು ಯೂಟ್ಯೂಬಿನಲ್ಲಿ ಒಂದು ಭಾವಗೀತೆಯನ್ನು ಪೂರ್ತಿ ಕೇಳಿಸಿಯೇ ಹೋಗಿದ್ದನಾದ್ದರಿಂದ ರೂಟರಿನ ಶೀಲದ ಬಗ್ಗೆ ಯಾರಿಗೂ ಶಂಕೆ ಬರಲಿಲ್ಲ.

ಮೊದಲ ಚಿಕಿತ್ಸೆ ನಮ್ಮ ಮನೆಯವರದು. ಆರಿಸಿ ಹಾಕುವುದೊಂದೇ ಅವರ ಔಷಧಿ. ಕಂಪ್ಯೂಟರ್ ಆರಿಸಿ ಹಾಕಿದರು, ರೂಟರ್ ಆರಿಸಿ ಹಾಕಿದರು, ಅಷ್ಟಕ್ಕೂ ಬಗ್ಗದಿದ್ದಾಗ ಮಹಡಿಯ ಕೆಳಗಿನ ಇನ್ವರ್ಟರನ್ನೂ ಆರಿಸಿ ಹಾಕಿದರು. ಅದಕ್ಕೂ ಪದಬಂಧಕ್ಕೂ ಏನು ಸಂಬಂಧವೆಂದು ಕೇಳುವ ಧೈರ್ಯವನ್ನು ನಾನು ಮಾಡಲಿಲ್ಲ.

ಭಾನುವಾರ ಇಂಜಿನಿಯರಿಂಗ್ ಓದುತ್ತಿರುವ ನಾದಿನಿಯ ಮಗ ಬಂದ. ಬಂದವನೇ ಬ್ರೌಸರಿನ ಕ್ಯಾಶೆ, ಕುಕಿ, ಇತಿಹಾಸವನ್ನೆಲ್ಲ ಅಳಿಸಿದ. (ಇತಿಹಾಸ ಅಳಿಸಬೇಕು ಎಂದಾಗ ಮಾವ ಒಮ್ಮೆ ಬೆಚ್ಚಿಬಿದ್ದರು.) ಅಳಿಸುವ ಭರದಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಮುಂದಿನ ಚೌಕಕ್ಕೂ ಟಿಕ್ ಬಿದ್ದಿತ್ತು. ಅಲ್ಲಿಯವರೆಗೆ ಒಂದು ತಾಣ ಮಾತ್ರ ಬರುತ್ತಿರಲಿಲ್ಲ; ಅಲ್ಲಿಂದ ಮುಂದೆ, ಬರುವ ತಾಣಗಳೂ ತಾವು ಯಾರೆಂದು ನಮ್ಮ ಮನೆಯವರನ್ನು ಕೇಳತೊಡಗಿದವು. ಕರೆಂಟ್ ಬಿಲ್ಲು, ವಿಮೆಯ ಕಂತು, ರೈಲಿನ ಟಿಕೆಟ್ಟು, ಎಲ್ಲದಕ್ಕೂ ಹೊಸ ಪಾಸ್‌ವರ್ಡು ಮಾಡಿಕೊಳ್ಳುವಷ್ಟರಲ್ಲಿ ಅವರ ಮುಖ ಇಳಿದುಹೋಗಿತ್ತು.

ಹುಡುಗ ಎದೆಗುಂದಲಿಲ್ಲ. ಕಪ್ಪು ಕಿಟಕಿಯೊಂದನ್ನು ತೆರೆದು ಪಟಪಟನೆ ಆಜ್ಞೆಗಳನ್ನು ಕುಟ್ಟತೊಡಗಿದಾಗ ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆಯೇ ಕೆಟ್ಟಿರಬೇಕು ಎಂಬುದು ಅವನ ವಾದ. ಅದು ಬರುವುದಕ್ಕೆ ಮುಂಚೆ ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರೂ ವಿಳಾಸವೂ ಒಂದೇ ಕಡತದಲ್ಲಿದ್ದವು, ಆ ಕಡತವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ನೋಡಿಕೊಳ್ಳುತ್ತಿದ್ದರು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಈಗಿನ ಏರ್ಪಾಡನ್ನು ರೂಪಿಸಿದರು, ಆ ಹಳೆಯ ಕಡತದ ವಾರಸುದಾರ ‘ಹೋಸ್ಟ್ಸ್’ ಎಂಬ ಹೆಸರಿನಲ್ಲಿ ಇವತ್ತಿಗೂ ನಮ್ಮ ವಿಂಡೋಸಿನ ಒಳಕೋಣೆಯೊಂದರಲ್ಲಿ ಕುಳಿತಿದ್ದಾನೆ ಎಂದೆಲ್ಲ ಅವನು ವಿವರಿಸಿದ. “1983 ಅಂದರೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ ವರ್ಷ, ವಿಶ್ವಕಪ್ ಗೆದ್ದ ವರ್ಷ,” ಎಂದು ಮಾವ ತಮ್ಮ ಪಾಲನ್ನು ಸೇರಿಸಿದರು. ಹೋಸ್ಟ್ಸ್ ಕಡತ ತೆರೆದು ನೋಡಿದರೆ ಅದರಲ್ಲಿ ಕಳ್ಳ ಸಾಲು ಒಂದೂ ಇರಲಿಲ್ಲ. ಡಿಎನ್ಎಸ್ ಅನ್ನು ನಾಲ್ಕು ಎಂಟುಗಳ ಗೂಗಲ್ ವಿಳಾಸಕ್ಕೆ ಬದಲಿಸಿದರೂ ಚಕ್ರ ಮೊದಲಿನಂತೆಯೇ ತಿರುಗಿತು.

ಕಡೆಯ ಅಸ್ತ್ರವೆಂದು ಅವನು ತಾಣಕ್ಕೆ ಪಿಂಗ್ ಕಳಿಸಿದ. ಒಂದು ಕಂಪ್ಯೂಟರು ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳಿ ‘ಇದ್ದೇನೆ’ ಎನ್ನಿಸಿಕೊಳ್ಳುವ ಈ ಉಪಾಯವನ್ನು ಮೈಕ್ ಮೂಸ್ ಎಂಬವರು ಬರೆದದ್ದೂ ಅದೇ 1983ರ ಡಿಸೆಂಬರಿನಲ್ಲಂತೆ. ಪದಬಂಧದ ತಾಣದಿಂದ ಉತ್ತರವೇ ಬರಲಿಲ್ಲ. “ಅಜ್ಜ, ಆ ಸೈಟ್ ಸತ್ತುಹೋಗಿದೆ,” ಎಂದು ಘೋಷಿಸಿ, ಅಜ್ಜಿ ಮಾಡಿದ ಕೊಟ್ಟೆ ಕಡುಬು ತಿಂದು, ಸಂಜೆಯ ಬಸ್ಸಿಗೆ ಅವನು ಹೊರಟುಹೋದ.

ಸತ್ತ ತಾಣಕ್ಕೆ ನಾನೊಂದು ಮಿಂಚಂಚೆ ಬರೆದೆ. ಮರುದಿನವೇ ಉತ್ತರ ಬಂತು: ತಾಣ ಕ್ಷೇಮವಾಗಿದೆ, ಕಾಸರಗೋಡಿನಿಂದ ಕ್ಯಾಲಿಫೋರ್ನಿಯದವರೆಗೆ ಎಲ್ಲರೂ ಪದಬಂಧ ಬಿಡಿಸುತ್ತಿದ್ದಾರೆ, ತಮ್ಮ ಕಂಪ್ಯೂಟರನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ಕಂಪ್ಯೂಟರ್ ರಿಪೇರಿಯವರು ಬಂದು ತಾರೀಕು, ಗಡಿಯಾರ, ಆ್ಯಂಟಿವೈರಸ್ ಎಲ್ಲ ನೋಡಿ, ಬೇರೆಲ್ಲ ಬರುತ್ತಿರುವಾಗ ಕಂಪ್ಯೂಟರಿನಲ್ಲಿ ದೋಷ ಹುಡುಕಿದರೆ ಸಿಗುವುದೆಲ್ಲಿಂದ ಎಂದು ಕೇಳಿ, ದೋಷ ಸಿಗದಿದ್ದಕ್ಕೂ ಸೇರಿಸಿ ಶುಲ್ಕ ತೆಗೆದುಕೊಂಡರು. ಕೇಬಲ್ ಕಚೇರಿಯ ಹುಡುಗಿಯ ತರ್ಕವಂತೂ ನ್ಯಾಯಶಾಸ್ತ್ರದವರನ್ನೂ ನಾಚಿಸುವಂತಿತ್ತು. “ಬೇರೆ ಸೈಟ್ ಬರ್ತಿದೆಯಲ್ಲಾ ಮೇಡಂ, ಹಾಗಾದ್ರೆ ನಮ್ಮ ಕಡೆಯಿಂದ ಬರ್ತಿದೆ ಅಂತ ಆಯ್ತು. ಆ ಸೈಟ್ ಒಂದೇ ಬರ್ತಿಲ್ಲ ಅಂದ್ರೆ ಅದು ಬರ್ತಿಲ್ಲ ಅಂತ ಆಯ್ತು.” ಈ ಮಾತಿನಲ್ಲಿ ತಪ್ಪು ಹಿಡಿಯಲು ನಾನು ಇವತ್ತಿಗೂ ಪ್ರಯತ್ನಿಸುತ್ತಿದ್ದೇನೆ.

ರೋಗದ ಬುಡ ಸಿಕ್ಕಿದ್ದು ಅತ್ತೆಯವರ ಒಂದು ಮಾತಿನಿಂದ. ಎದುರುಮನೆಯ ರಾಯರು, ದೂರವಾಣಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಸಂಜೆ ಹರಟೆಗೆ ಬಂದಿದ್ದಾಗ ಮಾವ ತಮ್ಮ ಗೋಳನ್ನು ಹೇಳಿಕೊಳ್ಳುತ್ತಿದ್ದರು. ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅತ್ತೆ ತಲೆಯೆತ್ತದೆ, “ಕರೆಂಟು ಹೋದಾಗ ಬರುತ್ತದಲ್ಲ,” ಎಂದರು. ಎಲ್ಲರೂ ನಕ್ಕೆವು. ರಾಯರು ಮಾತ್ರ ನಗಲಿಲ್ಲ. ಹೇಗೆ, ಎಲ್ಲಿ, ಯಾವಾಗ ಎಂದು ವಿಚಾರಿಸಿದರು. ಗಂಡ ಬಿಡಿಸುವ ಪದಬಂಧವನ್ನು ಅತ್ತೆ ತಮ್ಮ ಮೊಬೈಲಿನಲ್ಲಿ ಗುಟ್ಟಾಗಿ ಬಿಡಿಸುತ್ತಿದ್ದರೆಂದೂ, ಈಚೆಗೆ ಅವರಿಗೂ ತಾಣ ಬರುತ್ತಿರಲಿಲ್ಲವೆಂದೂ, ವಿದ್ಯುತ್ ಹೋದಾಗ ಮಾತ್ರ ತಟ್ಟನೆ ಬರುತ್ತಿತ್ತೆಂದೂ ಆಗ ತಿಳಿಯಿತು. ಇನ್ವರ್ಟರಿಗೆ ನಮ್ಮ ರೂಟರನ್ನು ಸೇರಿಸಿಲ್ಲ. ವಿದ್ಯುತ್ ಹೋದರೆ ವೈಫೈ ಹೋಗುತ್ತದೆ, ಫೋನು ತನ್ನ ಸಿಮ್ಮಿನ ಡೇಟಾ ಹಿಡಿಯುತ್ತದೆ, ಪದಬಂಧ ಬರುತ್ತದೆ. “ಮೇಷ್ಟ್ರೇ, ನಿಮ್ಮ ಕಂಪ್ಯೂಟರು ನಿರಪರಾಧಿ,” ಎಂದು ರಾಯರು ಎದ್ದುನಿಂತರು. ನಿವೃತ್ತಿಯ ನಂತರ ಅವರ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ.

ಆಮೇಲೆ ಅವರು ತೋರಿಸಿದ್ದು ಎಂಟು ಬೈಟುಗಳ ಕಥೆ. ಜಾಲದಲ್ಲಿ ಮಾಹಿತಿ ಪ್ಯಾಕೆಟ್ಟುಗಳಾಗಿ ಬರುತ್ತದೆ. ಈಥರ್ನೆಟ್ ಎಂಬ ತಂತಿಜಾಲದ ಏರ್ಪಾಡಿನಲ್ಲಿ ಒಂದು ಪ್ಯಾಕೆಟ್ಟು ಸಾಮಾನ್ಯವಾಗಿ 1500 ಬೈಟ್ ಮೀರುವಂತಿಲ್ಲ. ನಮ್ಮ ಸಂಪರ್ಕ ಹೆಸರು, ಪಾಸ್‌ವರ್ಡು ಕೊಟ್ಟು ಒಳಹೋಗುವ ಪಿಪಿಪಿಒಇ ಮಾದರಿಯದು, ಅದು ತನ್ನ ಖರ್ಚಿಗೆಂದು 8 ಬೈಟ್ ಹಿಡಿದುಕೊಳ್ಳುತ್ತದೆ, ಉಳಿಯುವುದು 1492. (ಕಂಪ್ಯೂಟರು ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದು ಕನ್ನಡ ಅಕ್ಷರಕ್ಕೆ ಕನಿಷ್ಠ 3 ಬೈಟ್ ಬೇಕಾದ್ದರಿಂದ, ಆ ಎಂಟರಲ್ಲಿ ಪದಬಂಧದ ಮೂರು ಚೌಕವೂ ತುಂಬದು.) ತಾಣ ಕಳಿಸುವ 1500ರ ಬೀರು ನಮ್ಮ 1492ರ ಬಾಗಿಲಲ್ಲಿ ಹಿಡಿಸುವುದಿಲ್ಲ. ಹಾಗಾದಾಗ ದಾರಿಯ ಯಂತ್ರವು ‘ಚಿಕ್ಕದು ಮಾಡಿ ಕಳಿಸಿ’ ಎಂಬ ಸಣ್ಣ ಸಂದೇಶವನ್ನು ಹಿಂದಕ್ಕೆ ಕಳಿಸಬೇಕೆಂಬ ಪದ್ಧತಿಯನ್ನು 1990ರಲ್ಲೇ ಗೊತ್ತುಮಾಡಿದ್ದಾರೆ, ಹೆಚ್ಚಿನ ತಾಣಗಳು ಆ ಮಾತು ಕೇಳುತ್ತವೆ. ಪದಬಂಧದ ತಾಣದ ಫೈರ್‌ವಾಲ್ ಎಂಬ ಕಾವಲುಗಾರ ಮಾತ್ರ, ಸುರಕ್ಷತೆಯ ಹೆಸರಿನಲ್ಲಿ, ಪಿಂಗ್ ಸೇರಿದಂತೆ ಆ ಜಾತಿಯ ಸಂದೇಶಗಳನ್ನೆಲ್ಲ ತಡೆದುಬಿಡುತ್ತಿತ್ತು. ಹೀಗಾಗಿ ಅದು 1500ರದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು, ಅದು ದಾರಿಯಲ್ಲೇ ಮತ್ತೆ ಮತ್ತೆ ಬಿದ್ದುಹೋಗುತ್ತಿತ್ತು. ರೂಟರು ಸರಿಯಿದ್ದರೆ ಸಂಪರ್ಕದ ಆರಂಭದಲ್ಲೇ ನಮ್ಮ ಅಳತೆಯನ್ನು ತಿಳಿಸಿ ಈ ರಗಳೆ ತಪ್ಪಿಸುತ್ತದೆ. ಹೊಸ ರೂಟರಿನಲ್ಲಿ ಆ ಜಾಗದಲ್ಲಿ 1500 ಎಂದೇ ಬರೆದಿತ್ತು.

ರಾಯರು ಬಾಯಿಮಾತಿಗೆ ನಿಲ್ಲುವವರಲ್ಲ. ಬೇರೊಂದು ತಾಣಕ್ಕೆ, ತುಂಡು ಮಾಡಕೂಡದೆಂಬ ಷರತ್ತು ಹಾಕಿ 1472 ಬೈಟಿನ ಪಿಂಗ್ ಕಳಿಸಿದರು. ಪ್ಯಾಕೆಟ್ಟಿನ ಮೇಲೆ ವಿಳಾಸ ಮೊದಲಾದವನ್ನು ಬರೆಯುವ ತಲೆಬರಹಗಳ 28 ಬೈಟ್ ಸೇರಿ ಅದು 1500 ಆಗುತ್ತದೆ. ತುಂಡು ಮಾಡಬೇಕಾಗಿದೆ, ಆದರೆ ಮಾಡಬಾರದೆಂದು ನೀವೇ ಹೇಳಿದ್ದೀರಿ ಎಂಬ ಧಾಟಿಯ ಉತ್ತರ ಬಂತು. 1464ಕ್ಕೆ ಇಳಿಸಿದ ಕೂಡಲೇ ಸಲೀಸಾಗಿ ಹೋಯಿತು. ರೂಟರಿನ ಪುಟ ತೆರೆದು 1500 ಅಳಿಸಿ 1492 ಎಂದು ಬರೆದು ಉಳಿಸಿದರು. ಪದಬಂಧ ಕಣ್ಣು ಮಿಟುಕಿಸುವುದರೊಳಗೆ ಬಂತು. ಎಡದಿಂದ ಬಲಕ್ಕೆ ಮೊದಲನೆಯದರ ಉತ್ತರವನ್ನು ಅತ್ತೆ ಒಳಗಿನಿಂದಲೇ ಕೂಗಿ ಹೇಳಿದ್ದು ಮಾವನಿಗೆ ಅಷ್ಟಾಗಿ ಹಿಡಿಸಲಿಲ್ಲ.

ರೂಟರಿನ ಹಿಂದಿರುವ ರಂಧ್ರಕ್ಕೆ ಯಾರಾದರೂ ಪಿನ್ನು ಚುಚ್ಚಿ ರೀಸೆಟ್ ಮಾಡಿದರೆ ಎಲ್ಲವೂ ಮೊದಲಿನಂತಾಗುವುದೆಂದು ರಾಯರು ಎಚ್ಚರಿಸಿದ್ದರು. 1492 ಮಾವನಿಗೆ ಕೊಲಂಬಸ್ ಹಡಗು ಹತ್ತಿದ ವರ್ಷವಾದ್ದರಿಂದ ಮರೆಯುವ ಭಯವಿರಲಿಲ್ಲ. ಆದರೂ ಉಳಿದವರ ಉಪಯೋಗಕ್ಕೆಂದು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ರೂಟರಿಗೆ ಅಂಟಿಸಿದರು. ತಿಂಗಳ ಹಣಕ್ಕೆ ಬಂದ ಕೇಬಲ್ ಹುಡುಗ ಅದನ್ನು ನೋಡಿ, “ಪಾಸ್‌ವರ್ಡನ್ನ ಹೀಗೆಲ್ಲ ಬರೆದು ಅಂಟಿಸಬಾರ್ದು ಸಾರ್,” ಎಂದ. ಮಾವ ಅವನನ್ನು ಕುಳ್ಳಿರಿಸಿಕೊಂಡು ವಿವರಿಸಲು ತೊಡಗಿದರು. ಕೊಲಂಬಸ್ ಎರಡನೆಯ ಯಾನ ಮುಗಿಸಿ ಬರುವವರೆಗೂ ಅವನಿಗೆ ರಸೀದಿ ಹರಿಯಲಾಗಲಿಲ್ಲ.