ಬಾಡಿಗೆಗಿಂತ ಮೊದಲು ನೀರು ಕೇಳಿ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಸುತ್ತಮುತ್ತ ಮನೆ ಹುಡುಕುವ ವಿದ್ಯಾರ್ಥಿಗಳು ಬಾಡಿಗೆ ಎಷ್ಟು, ಮೆಟ್ರೋ ಎಷ್ಟು ದೂರ ಅಂತ ನೋಡಿಕೊಂಡರೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಸಾಲದು ಸ್ವಾಮಿ. ಮೊದಲು ನೀರು ಕೇಳಬೇಕು.

ನಾನು ಎಂ.ಎ. ಓದುವಾಗ ಇಬ್ಬರು ಗೆಳೆಯರ ಜೊತೆ ನಾಗರಭಾವಿ ಕಡೆ ಎರಡನೇ ಮಹಡಿಯ ಮನೆ ಹಿಡಿದಿದ್ದೆ. ಕಾವೇರಿ ನೀರಿದೆ ಎಂದಿದ್ದರು ಓನರ್. ಇತ್ತು ನಿಜ, ಅವರ ಮನೆಯ ನಲ್ಲಿಗೆ! ನಮ್ಮ ಟ್ಯಾಂಕಿಗೆ ಬರುತ್ತಿದ್ದದ್ದು ಬೋರ್‌ವೆಲ್ ನೀರು. 2024ರ ಬೇಸಿಗೆಯಲ್ಲಿ ಅದೂ ಕೈಕೊಟ್ಟಿತು. ಟ್ಯಾಂಕರ್ ದುಡ್ಡು ನಮ್ಮ ತಲೆಗೆ ಬಂತು. ಕರಾರುಪತ್ರದಲ್ಲಿ ಈ ಬಗ್ಗೆ ಒಂದಕ್ಷರ ಇರಲಿಲ್ಲ. ನಾವೂ ಓದದೆ ಸಹಿ ಹಾಕಿದ್ದೆವು ಬಿಡಿ.

ಇನ್ನು ಅಡ್ವಾನ್ಸ್. 10 ತಿಂಗಳ ಬಾಡಿಗೆ ಕೇಳುವುದು ನಮ್ಮೂರಿನ ಹಳೇ ಚಾಳಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳಿಗಿಂತ ಜಾಸ್ತಿ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಂಡರಷ್ಟೇ ಲೆಕ್ಕ. ಚೌಕಾಸಿಗೆ ಬೇಕಾದರೆ ಬಳಸಿ, ನಮಗೆ 10 ಇದ್ದದ್ದು 6ಕ್ಕೆ ಇಳಿಯಿತು. ಕರಾರು 11 ತಿಂಗಳಿಗೇ ಯಾಕೆ ಅಂತ ನೀವು ಕೇಳಬಹುದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಅದರ ಖರ್ಚು ಯಾರಿಗೂ ಬೇಡ, ಅಷ್ಟೇ.

ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಆಮೇಲೆ ಅಲ್ಲಿಗೆ ಬಂದ ಹುಡುಗರನ್ನು ನೋಡಲು ಹೋಗಿದ್ದೆ. ನಮ್ಮ ಕ್ಯಾಲೆಂಡರ್ ಮೊಳೆ, ಅದರ ಕೆಳಗಿನ ಎಣ್ಣೆ ಕಲೆ, ಎರಡೂ ಅಲ್ಲೇ ಇದ್ದವು.