ಐದು ದಿನದಲ್ಲಿ ಮುಗಿಸಿದ ಆಲ್ಬಮ್

ಹೆಸರಿಡೋಕೂ ಪುರಸೊತ್ತಿಲ್ಲದವರ ಹಾಗೆ ರೆಕಾರ್ಡಿಂಗ್ ಮಾಡಿದ ತಾರೀಖನ್ನೇ ಆಲ್ಬಮ್ಮಿಗೆ ಇಟ್ಟುಬಿಟ್ಟಿದ್ದಾರೆ. 'ಮಾರ್ಚ್ 16–20, 1992'. ಅಮೆರಿಕದ ಅಂಕಲ್ ಟುಪೆಲೊ ಬ್ಯಾಂಡಿನ ಮೂರನೆಯ ಆಲ್ಬಮ್. ಆಲ್ಟರ್ನೇಟಿವ್ ಕಂಟ್ರಿ, ಅಂದರೆ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಕ್ ಬೆರೆಸಿದ್ದು, ಅಂದ ಕೂಡಲೇ ಎಲ್ಲರೂ ಇವರ ಮೊದಲ ಆಲ್ಬಮ್ 'ನೋ ಡಿಪ್ರೆಷನ್' ಹೆಸರು ಹೇಳುತ್ತಾರೆ. ಹೇಳಲಿ. ನನ್ನ ಪ್ರಕಾರ ಇದು ಅದಕ್ಕಿಂತ ಒಂದು ಕೈ ಮೇಲು.

ಆಗಿನ ಕಾಲ ನೋಡಿ. ಅಬ್ಬರದ ರಾಕ್ ಬ್ಯಾಂಡ್ ನಿರ್ವಾಣದ ಆಲ್ಬಮ್ 'ನೆವರ್‌ಮೈಂಡ್' ಆ ಜನವರಿಯಲ್ಲಷ್ಟೇ ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತು. ಗಿಟಾರ್ ಜೋರಾಗಿ ಬಾರಿಸುವವರಿಗೆ ಸುಗ್ಗಿ. ಇಲಿನಾಯ್‌ನ ಬೆಲ್‌ವಿಲ್ ಊರಿನ ಈ ಮೂವರಿಗೂ ಅದು ಚೆನ್ನಾಗೇ ಬರುತ್ತಿತ್ತು. ಆದರೆ ಅಬ್ಬರವನ್ನೆಲ್ಲ ಬಿಟ್ಟು, ಕರೆಂಟ್ ಬೇಡದ ಅಕೂಸ್ಟಿಕ್ ಗಿಟಾರ್ ಹಿಡಿದು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್‌ಗೆ ಹೋದರು. ಆರ್.ಇ.ಎಂ. ಬ್ಯಾಂಡಿನ ಪೀಟರ್ ಬಕ್ ಪ್ರೊಡ್ಯೂಸರ್. ಇವರ ಗೆಳೆಯ ಬ್ರಯಾನ್ ಹೆನ್ನಮನ್ ಬಂದು ಬ್ಯಾಂಜೊ, ಮ್ಯಾಂಡೊಲಿನ್ ನುಡಿಸಿದ. ಪಾಪ, ಡ್ರಮ್ಮರ್ ಮೈಕ್ ಹೈಡಾರ್ನ್‌ಗೆ ಇದರಲ್ಲಿ ಜಾಸ್ತಿ ಕೆಲಸವೇ ಇಲ್ಲ.

ಇರುವ 15ರಲ್ಲಿ ಅರ್ಧದಷ್ಟು ಹಾಡು ಇವರದ್ದಲ್ಲ, ಹಳೆಯವು. 'ಮೂನ್‌ಶೈನರ್' ಕೇಳಿ. ಹದಿನೇಳು ವರ್ಷದಿಂದ ಕಳ್ಳಬಟ್ಟಿ ಕಾಯಿಸುತ್ತಿರುವವನ ಗೋಳು ಅದು. ಹಾಡುವ ಜೇ ಫರಾರ್‌ಗೆ ಆಗ 25 ವರ್ಷ. ಲೆಕ್ಕ ಹಾಕಿದರೆ ಎಂಟನೇ ವಯಸ್ಸಿಗೇ ಬಟ್ಟಿ ಇಳಿಸೋಕೆ ಶುರು ಮಾಡಿರಬೇಕು! ಆದರೂ ಆ ಕಂಠ ಕೇಳುವಾಗ ಲೆಕ್ಕ ನೆನಪಾಗುವುದಿಲ್ಲ. ಕುಡಿದು ಕುಡಿದು ಕರುಳು ಸುಟ್ಟುಕೊಂಡ ಮುದುಕನೇ ಎದುರಿಗೆ ಕೂತ ಹಾಗಿರುತ್ತದೆ.

'ಕೋಲ್‌ಮೈನರ್ಸ್' ಇನ್ನೊಂದು. ಅದರ ಮೂಲ ಕೆಂಟಕಿಯ ಸಾರಾ ಓಗನ್ ಗನ್ನಿಂಗ್ ಅವರ ಹಾಡು. ಗಣಿ ಕಾರ್ಮಿಕರ ಮನೆಯ ಹೆಂಗಸು. ಬಂಡವಾಳಶಾಹಿ ವ್ಯವಸ್ಥೆಯನ್ನು ನರಕದ ತಳಕ್ಕೆ ತಳ್ಳೋಣ ಅಂತ ನೇರವಾಗಿ ಹೇಳುತ್ತದೆ, ಸುತ್ತಿ ಬಳಸಿ ಮಾತಿಲ್ಲ. ಅದಾಗಿ ಒಂದು ಹಾಡು ಬಿಟ್ಟರೆ ಫರಾರ್‌ನದೇ 'ಕ್ರಿಮಿನಲ್ಸ್'. ಅದರಲ್ಲಿ ಅಧ್ಯಕ್ಷ ಬುಷ್ ಆಡಿದ್ದ ನಯವಾದ ಮಾತನ್ನೇ ಎತ್ತಿಕೊಂಡು ಚುಚ್ಚಿದ್ದಾನೆ. ದೊಡ್ಡ ಬುಷ್, ಮಗನಲ್ಲ. ಯಾವುದು ಹಳೆಯದು, ಯಾವುದು ಹೊಸದು ಅಂತ ಗೊತ್ತಿಲ್ಲದವರಿಗೆ ಕೇಳಿಸಿ ನೋಡಿ, ಹೇಳೋಕೆ ಆಗಲ್ಲ. ಹಳೇ ಹಾಡನ್ನು ಶೋಕೇಸಿನಲ್ಲಿಟ್ಟು ಧೂಳು ಒರೆಸುವವರು ಬಹಳ ಜನ. ಇವರು ಅದನ್ನು ಅವತ್ತಿನ ಸಿಟ್ಟಿಗೆ ಬಳಸಿಕೊಂಡರು. ನಾನು ಇವರನ್ನು ಮೆಚ್ಚುವುದು ಅದಕ್ಕೇ.

ಬೇಸರವೂ ಇದೆ. 'ಲಿಲ್ಲಿ ಶುಲ್' ಅನ್ನುವ ಕೊಲೆಯ ಹಾಡು ಐದು ನಿಮಿಷ ಎಳೆಯುತ್ತದೆ, ನಾನು ಮುಂದಕ್ಕೆ ಓಡಿಸುತ್ತೇನೆ. ನಗು ಅನ್ನೋದಂತೂ ಹುಡುಕಿದರೂ ಸಿಗಲ್ಲ.

1994ರಲ್ಲಿ ಬ್ಯಾಂಡ್ ಒಡೆಯಿತು. ಫರಾರ್ 'ಸನ್ ವೋಲ್ಟ್' ಕಟ್ಟಿದ, ಬ್ಯಾಂಡಿನ ಇನ್ನೊಬ್ಬ ಹಾಡುಗಾರ ಜೆಫ್ ಟ್ವೀಡಿ 'ವಿಲ್ಕೊ' ಕಟ್ಟಿದ. ಅಭಿಮಾನಿಗಳು ಇವತ್ತಿಗೂ ಎರಡು ಪಕ್ಷ. ಈ ಆಲ್ಬಮ್ಮಿನ ಮಟ್ಟಿಗೆ ನನ್ನ ಓಟು ಫರಾರ್‌ಗೆ, ಟ್ವೀಡಿಯ 'ಬ್ಲ್ಯಾಕ್ ಐ' ಒಂದನ್ನು ಬಿಟ್ಟು. ಎರಡು ಚಿಲ್ಲರೆ ನಿಮಿಷದ ಪುಟ್ಟ ಹಾಡು. ಕಣ್ಣಿನ ಸುತ್ತ ಕಪ್ಪುಗಟ್ಟಿದ ಹುಡುಗ ಮೊದಲು ಅಣ್ಣತಮ್ಮಂದಿರ ಹಾಗೆ ತನಗೂ ಆಯಿತು ಅಂತ ಜಂಬಪಡುತ್ತಾನೆ. ಅದು ಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ಮನೆಯ ಪಡಸಾಲೆಯಲ್ಲಿದ್ದ ಕನ್ನಡಿಗಳನ್ನೆಲ್ಲ ತೆಗೆದುಬಿಡುತ್ತಾನೆ. ಹೊಡೆದವರು ಯಾರು ಅಂತ ಟ್ವೀಡಿ ಹೇಳುವುದೇ ಇಲ್ಲ.