ಸೀಲಿಲ್ಲದ ಟಿಕೆಟ್ಟು, ಗುಮ್ಮಟವಿಲ್ಲದ ಚರ್ಚು

ರೋಮ್‌ಗೆ ಹೋಗಿಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಕೊಲೋಸಿಯಂ ನೋಡಿದ್ರಾ?" ನೋಡಿದೆವು. ಬಸ್ಸಿನ ಕಿಟಕಿಯಿಂದ, ಸಿಗ್ನಲ್ ಹಸಿರಾಗುವವರೆಗೆ. ಒಳಗೆ ಹೋಗಲಿಲ್ಲ.

ತಪ್ಪು ನಮ್ಮದೇ. ಐಂಡ್‌ಹೋವನ್‌ನಲ್ಲಿರುವ ಮಗಳು ತಿಂಗಳ ಮೊದಲೇ ಹೇಳಿದ್ದಳು, "ಅಪ್ಪ, ಟಿಕೆಟ್ ಈಗಲೇ ಬುಕ್ ಮಾಡಿಬಿಡಿ" ಅಂತ. ಇವರು ಕೇಳಲಿಲ್ಲ. "ಅಲ್ಲೇ ಕೌಂಟರಲ್ಲಿ ತಗೊಂಡ್ರಾಯ್ತು. ಕೌಂಟರ್ ಅಂತ ಇರೋದು ಮತ್ಯಾಕೆ?"

ಇವರಿಗೆ ಕೌಂಟರಿನ ಮೇಲೆ ಅಷ್ಟು ನಂಬಿಕೆ. 32 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನ ಒಳಗಡೆ ಕೂತವರು. ನೋಟನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿದರೆ ಸಾಕು, ಅಸಲಿಯೋ ಖೋಟಾವೋ ಹೇಳಿಬಿಡುತ್ತಿದ್ದರು. ಚಲನ್ನಿನಲ್ಲಿ ಸೀಲಿಲ್ಲ ಅಂತ ಸ್ವಂತ ಷಡ್ಡಕನನ್ನೇ ವಾಪಸ್ ಕಳಿಸಿದ್ದರು. ಆ ಷಡ್ಡಕ, ಅಂದರೆ ನಮ್ಮಕ್ಕನ ಗಂಡ, ಇವತ್ತಿಗೂ ನಮ್ಮನೆಗೆ ಬಂದರೆ ಕಾಫಿ ಲೋಟವನ್ನು ಎತ್ತಿ ತಳ ನೋಡುತ್ತಾರೆ. "ಸೀಲ್ ಬಿದ್ದಿದೆ ತಾನೇ? ಕುಡೀಬಹುದಾ?"

"ನನ್ನ ಸರ್ವೀಸಲ್ಲಿ ನನಗೆ ಟೋಪಿ ಹಾಕಿದವರು ಒಬ್ಬರೂ ಇಲ್ಲ" ಅನ್ನುವುದು ಇವರ ಮಾತು. ಇಂಥವರ ಜೊತೆ ನಾನು ನಾಲ್ಕು ದಿನ ರೋಮ್ ಸುತ್ತಿದೆ.

ಕೊಲೋಸಿಯಂ ಟಿಕೆಟ್ ನಾವಿರುವಷ್ಟು ದಿನವೂ ಖಾಲಿ ಅಂತ ಗೊತ್ತಾದ ಮೇಲೆ ಮಗಳು ಫೋನಿಗೆ ಒಂದು ಪಟ್ಟಿ ಕಳಿಸಿದಳು. "ಇವೆಲ್ಲ ಜಾಸ್ತಿ ಜನ ಹೋಗದ ಜಾಗ. ಆರಾಮಾಗಿ ನೋಡಿ."

ಮೊದಲನೆಯದು ಸಂತ ಇಗ್ನೇಷಿಯಸ್ ಚರ್ಚು. ಅಲ್ಲಿಯವರ ಬಾಯಲ್ಲಿ ಸಾಂತಿನ್ಯಾತ್ಸಿಯೊ. ಪ್ಯಾಂಥಿಯಾನ್‌ನಿಂದ ಐದು ನಿಮಿಷದ ದಾರಿ. ಒಳಗೆ ಕಾಲಿಟ್ಟರೆ ನಡುಮಧ್ಯೆ ಉದ್ದ ಕ್ಯೂ. ಜನ ಇಲ್ಲದ ಜಾಗ ಅಂದಿದ್ದಳಲ್ಲ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಇವರು ಹೋಗಿ ಕ್ಯೂ ಸೇರಿಯಾಗಿತ್ತು. "ಯಾವುದಕ್ಕೆ ರೀ ಇದು?" ಅಂದೆ. "ಪ್ರಸಾದ ಇರಬೇಕು ಕಣೇ, ಸುಮ್ನೆ ನಿಂತ್ಕೋ" ಅಂದರು. ಇಪ್ಪತ್ತು ನಿಮಿಷ ನಿಂತೆವು. ಕೊನೆಗೆ ಸಿಕ್ಕಿದ್ದು ಒಂದು ಕನ್ನಡಿ. ಚಾವಣಿಯ ಚಿತ್ರವನ್ನು ಕತ್ತೆತ್ತದೆ ನೋಡಲಿ, ಅದರ ಜೊತೆ ಫೋಟೋ ತೆಗೆದುಕೊಳ್ಳಲಿ ಅಂತ ಅಲ್ಲಿ ಓರೆಯಾಗಿ ಇಟ್ಟಿದ್ದಾರೆ. ಎಲ್ಲರೂ ಬಗ್ಗಿ ಫೋಟೋ ತೆಗೆದುಕೊಂಡರು. ಇವರು ಬಗ್ಗಿ, ಜೇಬಿಂದ ಬಾಚಣಿಗೆ ತೆಗೆದು, ತಲೆ ಬಾಚಿಕೊಂಡು ಈಚೆ ಬಂದರು.

ಆಮೇಲೆ ಗುಮ್ಮಟ. ನೆಲದಲ್ಲಿ ಒಂದು ದುಂಡನೆಯ ಗುರುತಿದೆ. ಅದರ ಮೇಲೆ ನಿಂತು ಕತ್ತೆತ್ತಿದರೆ, ಮುಂದೆ ಕಂಬಗಳ ಮೇಲೆ ಕಂಬ ಏರಿಸಿಕೊಂಡು, ತುದಿಯ ಕಿಂಡಿಯಿಂದ ಬೆಳಕು ಇಳಿಸಿಕೊಂಡು ಗುಮ್ಮಟ ನಿಂತಿದೆ. ಇವರು ಮೂರು ವರ್ಷ ವಿಜಯಪುರದ ಬ್ರಾಂಚಿನಲ್ಲಿದ್ದರು. ಹಾಗಾಗಿ ಗುಮ್ಮಟಗಳ ವಿಷಯದಲ್ಲಿ ಮನೆಯಲ್ಲಿ ಇವರದೇ ಕೊನೆಯ ಮಾತು. "ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲ ವಾಪಸ್ ಬರುತ್ತೆ. ಇದು ಎಷ್ಟು ಕೊಡುತ್ತೋ ನೋಡೇಬಿಡೋಣ" ಅಂದವರು, ನಾನು ಕೈ ಹಿಡಿಯುವ ಮೊದಲೇ ಪಟ್ ಅಂತ ಹೊಡೆದರು.

ವಾಪಸ್ ಬಂದದ್ದು ಏಳಲ್ಲ. ಒಂದೇ ಒಂದು "ಶ್ಶ್ಶ್!" ಅದೂ ಮೇಲಿಂದಲ್ಲ, ಕಂಬದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕರಿಂದ.

ಆಗ ನಾನು ಫೋನಿನಲ್ಲಿ ಓದಿ ಹೇಳಿದೆ. ಅಲ್ಲಿ ಗುಮ್ಮಟವೇ ಇಲ್ಲ. ಪ್ಲಾನಿನಲ್ಲಿ ಇತ್ತು, ಕಟ್ಟಲಿಲ್ಲ. 1685ರಲ್ಲಿ ಆಂದ್ರೆಯಾ ಪೋಝೋ ಅನ್ನುವ ಜೆಸ್ಯುಟ್ ಕಲಾವಿದ ದೊಡ್ಡ ಕ್ಯಾನ್ವಾಸಿನ ಮೇಲೆ ಗುಮ್ಮಟದ ಚಿತ್ರ ಬರೆದು ಆ ಜಾಗಕ್ಕೆ ಅಂಟಿಸಿಬಿಟ್ಟ. ಮೇಲಿರುವುದು ಚಪ್ಪಟೆ ಬಟ್ಟೆ. ಇವರು ನಂಬಲಿಲ್ಲ. ಆ ಗುರುತು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋದರು. ಗುಮ್ಮಟ ಸ್ವಲ್ಪ ವಾಲಿತು. ಇನ್ನೂ ನಾಲ್ಕು ಹೆಜ್ಜೆ. ಅರ್ಧ ಒಣಗಿದ ಹಪ್ಪಳದ ಹಾಗೆ ಒಂದು ಕಡೆಗೆ ಸೊಟ್ಟಗಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹಪ್ಪಳ ಹಪ್ಪಳವಾಗಿಯೇ ಇತ್ತು.

ಹೊರಗೆ ಮೆಟ್ಟಿಲಿಳಿಯುವಾಗ ಅಂದರು, "ನನಗೆ ಮೊದಲೇ ಡೌಟಿತ್ತು. ಅದಕ್ಕೇ ಚಪ್ಪಾಳೆ ಹೊಡೆದು ಚೆಕ್ ಮಾಡಿದ್ದು."

ಅದೇ ದಿನ ಮಧ್ಯಾಹ್ನ ಪಲಾತ್ಸೋ ಸ್ಪಾದಾ ಅನ್ನುವ ಹಳೇ ಅರಮನೆ. ಇಲ್ಲಿ ನಿಜಕ್ಕೂ ಜನ ಇರಲಿಲ್ಲ. ಅಂಗಳದಾಚೆ ಕಂಬಗಳ ಒಂದು ಓಣಿ, ಓಣಿಯ ತುದಿಯಲ್ಲಿ ಆಳೆತ್ತರದ ವಿಗ್ರಹ. ಇವರು ಕಣ್ಣು ಕಿರಿದು ಮಾಡಿ ಅಳತೆ ಹಾಕಿದರು. "ಕಮ್ಮಿ ಅಂದ್ರೂ ನೂರಡಿ." ಅಷ್ಟೊತ್ತಿಗೆ ಅಲ್ಲಿನ ಕಾವಲಿನವನು ನಮ್ಮ ಖುಷಿಗೆ ಅಂತ ಓಣಿಯೊಳಗೆ ನಡೆದುಕೊಂಡು ಹೋದ. ಹೋಗ್ತಾ ಹೋಗ್ತಾ ಬೆಳೆದ. ತುದಿ ಮುಟ್ಟುವಾಗ ವಾಮನ ತ್ರಿವಿಕ್ರಮನಾಗಿದ್ದ, ಪಕ್ಕದ ಆಳೆತ್ತರದ ವಿಗ್ರಹ ದಸರಾ ಬೊಂಬೆಯಾಗಿತ್ತು.

ಓಣಿಯ ಉದ್ದ ಒಂಬತ್ತು ಮೀಟರೂ ಇಲ್ಲ. ಒಳಗೆ ಹೋದಷ್ಟೂ ನೆಲ ಏರುತ್ತದೆ, ಚಾವಣಿ ಇಳಿಯುತ್ತದೆ, ಕಂಬಗಳು ಗಿಡ್ಡವಾಗುತ್ತವೆ. 1650ರ ದಶಕದಲ್ಲಿ, ಅತ್ತ ವಿಜಯಪುರದಲ್ಲಿ ಗೋಳಗುಮ್ಮಟ ಮುಗಿಯುತ್ತಿದ್ದ ಹೊತ್ತಿನಲ್ಲೇ, ಬೊರೊಮಿನಿ ಅನ್ನುವ ವಾಸ್ತುಶಿಲ್ಪಿ ಕಾರ್ಡಿನಲ್ ಸ್ಪಾದಾಗೆ ಕಟ್ಟಿಕೊಟ್ಟದ್ದು. ಜಾಗ ಚಿಕ್ಕದು, ಆಸೆ ದೊಡ್ಡದು. ಥರ್ಟಿ-ಫಾರ್ಟಿ ಸೈಟಿನಲ್ಲಿ ಡ್ಯೂಪ್ಲೆಕ್ಸ್, ಕಾರ್ ಪಾರ್ಕಿಂಗು, ತುಳಸಿಕಟ್ಟೆ ಎಲ್ಲ ಕೇಳುವ ನಮ್ಮ ಜನಕ್ಕೆ ಆ ಬೊರೊಮಿನಿ ಸಿಗಬೇಕಿತ್ತು.

ಇವರು ಮಾತಾಡಲಿಲ್ಲ. ಒಂದೇ ದಿನದಲ್ಲಿ ಎರಡು ಖೋಟಾ ನೋಟು ಕೈಗೆ ಬಂದಿತ್ತು.

ಮಾರನೇ ದಿನ ಅವೆಂಟೈನ್ ಗುಡ್ಡ. ಅಲ್ಲಿ ಮಾಲ್ಟಾದ ನೈಟ್‌ಗಳು ಅನ್ನುವ ಹಳೇ ಕ್ರೈಸ್ತ ಸಂಘಕ್ಕೆ ಸೇರಿದ ದೊಡ್ಡ ಹಸಿರು ಬಾಗಿಲಿದೆ. ಅದರ ಬೀಗದ ತೂತಿನಲ್ಲಿ ಇಣುಕಬೇಕು. ಎರಡೂ ಕಡೆ ಗಿಡಗಳ ಬೇಲಿ, ಅದರ ತುದಿಗೆ ಸರಿಯಾಗಿ ವ್ಯಾಟಿಕನ್‌ನ ದೊಡ್ಡ ಚರ್ಚು ಸೇಂಟ್ ಪೀಟರ್ಸ್‌ನ ಗುಮ್ಮಟ. "ಪರರ ಮನೆ ಬಾಗಿಲ ಸಂದೀಲಿ ಇಣುಕಬಾರದು ಅಂತ ನಮ್ಮಮ್ಮ ಹೇಳ್ತಿದ್ದರು" ಅಂತ ಇವರು ಗೊಣಗುತ್ತಲೇ ಎಲ್ಲರಿಗಿಂತ ಜಾಸ್ತಿ ಹೊತ್ತು ಇಣುಕಿದರು. ನಾನು ತೆಗೆದ ಹನ್ನೊಂದು ಫೋಟೋಗಳಲ್ಲೂ ಕಪ್ಪು ಬಿಟ್ಟು ಬೇರೇನಿಲ್ಲ. ಒಂದರಲ್ಲಿ ನನ್ನ ಹೆಬ್ಬೆರಳು ಚೆನ್ನಾಗಿ ಬಂದಿದೆ.

ಗುಡ್ಡ ಇಳಿದರೆ ಟೆಸ್ಟಾಚೊ ಅನ್ನುವ ಬಡಾವಣೆ. ಅಲ್ಲೊಂದು ಇನ್ನೊಂದು ಗುಡ್ಡ, ಸುಮಾರು 35 ಮೀಟರ್ ಎತ್ತರ. ಮಣ್ಣಿನ ಗುಡ್ಡವಲ್ಲ, ಒಡೆದ ಮಡಕೆಗಳದು. ಹಳೇ ರೋಮ್‌ಗೆ ಸ್ಪೇನು, ಉತ್ತರ ಆಫ್ರಿಕಾದಿಂದ ಆಲಿವ್ ಎಣ್ಣೆ ಮಡಕೆಗಳಲ್ಲಿ ಬರುತ್ತಿತ್ತು. ಎಣ್ಣೆ ಹೀರಿದ ಮಡಕೆಯನ್ನು ಮತ್ತೆ ಬಳಸಲಾಗದೆ ಒಡೆದು, ವಾಸನೆಗೆ ಸುಣ್ಣ ಚೆಲ್ಲಿ, ನೂರಾರು ವರ್ಷ ಒಟ್ಟಿಕೊಂಡು ಬಂದಿದ್ದಾರೆ. ಕೆಲವು ಚೂರುಗಳ ಮೇಲೆ ಮಸಿಯಲ್ಲಿ ಬರೆದ ತೂಕ, ಎಣ್ಣೆ ತಂದವನ ಹೆಸರು, ಇಸವಿ ಈಗಲೂ ಇದೆ ಅಂತ ಓದಿ ಹೇಳಿದ್ದೇ ತಡ, ಇವರ ಮುಖ ಅರಳಿತು. "ಅಂದ್ರೆ ಇದು ಗುಡ್ಡ ಅಲ್ವೇ. ಲೆಡ್ಜರು!" ಎರಡು ದಿನದಲ್ಲಿ ಇವರಿಗೆ ಸಿಕ್ಕ ಮೊದಲ ಅಸಲಿ ವಸ್ತು. ಆದರೆ ಗೇಟಿಗೆ ಬೀಗ. ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಪ್ರವೇಶವಂತೆ. ಕೌಂಟರ್ ಇರಲಿಲ್ಲ. ನಾವು ಕಂಬಿಯ ಸಂದಿಯಲ್ಲಿ ಇಣುಕಿದೆವು, ದಿನದಲ್ಲಿ ಎರಡನೇ ಸಲ.

ಊಟಕ್ಕೆ ಅಲ್ಲೇ ಹೋಟೆಲು. ಕೈಬರಹದ ಮೆನು. ಇವರು ಬೆರಳಿಟ್ಟು, "ಇದೇ ಇರ್ಲಿ. ಪಾಸ್ತಾಗೆ ಆಲೂಗಡ್ಡೆ ಹಾಕಿರ್ತಾರೆ, ಸ್ಪೆಲ್ಲಿಂಗ್ ತಪ್ಪು ಬರೆದಿದ್ದಾರೆ ಅಷ್ಟೇ" ಅಂದರು. ಬರೆದದ್ದು ಪಯಾಟಾ. ಆರ್ಡರ್ ತೆಗೆದುಕೊಳ್ಳಲು ಬಂದ ಹೆಂಗಸು ನನ್ನ ಕುಂಕುಮ ನೋಡಿದಳೋ ಏನೋ, ತಡೆದು, ತನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಸುತ್ತು ಸುತ್ತಾಗಿ ಗೆರೆ ಎಳೆದು ತೋರಿಸಿ, "ಮೂ..." ಅಂದಳು. ಎಳೇ ಕರುವಿನ ಕರುಳು! ಟೆಸ್ಟಾಚೊದಲ್ಲಿ ಹಿಂದೆ ಕಸಾಯಿಖಾನೆ ಇತ್ತು, ಇಲ್ಲಿನ ಅಡುಗೆಯೆಲ್ಲ ಆ ಕಡೆಯದು ಅಂತ ಆಮೇಲೆ ತಿಳಿಯಿತು. ಚೀಸು, ಕರಿಮೆಣಸು ಹಾಕಿದ ಶಾವಿಗೆ ತರಿಸಿಕೊಂಡು ತಿಂದೆವು. ಮೆಣಸಿನ ಸಾರು ಹಾಲಿಗೆ ಬಿದ್ದ ಹಾಗಿತ್ತು. ಚೆನ್ನಾಗಿಯೇ ಇತ್ತು. ಹೆದರಿದ ಬಾಯಿಗೆ ಏನು ಕೊಟ್ಟರೂ ಚೆನ್ನ.

ಮೂರನೇ ದಿನದ ಕತೆ ಹೇಳಬೇಡ ಅಂತ ಇವರು ಆಣೆ ಹಾಕಿಸಿಕೊಂಡಿದ್ದಾರೆ. ಮುಖ್ಯವಾಗಿ ನಮ್ಮ ಭಾವನಿಗೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ಉಳಿದಿದ್ದದ್ದು ಪಿಕ್ಕೊಲೊಮಿನಿ ರಸ್ತೆ, ವ್ಯಾಟಿಕನ್‌ನ ಹಿಂದಿನ ಬಡಾವಣೆಯಲ್ಲಿ. ಬಸ್ಸಿಗೆ ತಂಬಾಕಿನ ಅಂಗಡಿಯಲ್ಲಿ ಒಂದೂವರೆ ಯೂರೋದ ಎರಡು ಟಿಕೆಟ್ ಕೊಂಡೆವು. ಇವರು ಅದನ್ನು ಮಡಿಕೆಯಾಗದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಶರ್ಟಿನ ಒಳಜೇಬಿನಲ್ಲಿ ಇಟ್ಟು, ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕೂತರು. ಜೇಬುಗಳ್ಳರು ಜಾಸ್ತಿ ಅಲ್ವಾ. ಮೂರು ಸ್ಟಾಪ್ ಆದ ಮೇಲೆ ಇಬ್ಬರು ಚೆಕಿಂಗಿನವರು ಹತ್ತಿದರು. ಇವರು ಗೆದ್ದವರ ಹಾಗೆ ಕವರ್ ಬಿಚ್ಚಿ ಎರಡೂ ಟಿಕೆಟ್ ಮುಂದೆ ಹಿಡಿದರು.

ಆತ ಹಿಂದೆ ಮುಂದೆ ತಿರುಗಿಸಿ ನೋಡಿ ಏನೋ ಅಂದ. ನಮಗೆ ಅರ್ಥವಾಗಲಿಲ್ಲ. ಮತ್ತೆ ಅಂದ. ಕೊನೆಗೆ ಎಡಗೈ ಅಂಗೈ ಚಾಚಿ, ಬಲಗೈ ಮುಷ್ಟಿ ಮಾಡಿ, ಅದರ ಮೇಲೆ ಎರಡು ಸಲ ಕುಟ್ಟಿ ತೋರಿಸಿದ. ಟಕ್, ಟಕ್.

ಆ ಸನ್ನೆ ಇವರಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ. 32 ವರ್ಷ ಮಾಡಿದ್ದೇ ಅದು. ಬಸ್ಸು ಹತ್ತಿದ ಕೂಡಲೇ ಕಂಬದ ಹತ್ತಿರವಿರುವ ಹಳದಿ ಡಬ್ಬಿಗೆ ಟಿಕೆಟ್ ತೂರಿಸಿ ಹೊತ್ತು ಅಚ್ಚು ಹಾಕಿಸಬೇಕು. ಅಲ್ಲಿಂದ ನೂರು ನಿಮಿಷ ಲೆಕ್ಕ. ಅಚ್ಚಿಲ್ಲದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ. ಸೀಲಿಲ್ಲದ ಚಲನ್ನು!

ದಂಡ ಇಬ್ಬರದೂ ಸೇರಿ ನೂರು ಯೂರೋ ದಾಟಿತು. ಇವರು ವಾದ ಮಾಡಲಿಲ್ಲ. ಬೇರೆ ಯಾವ ತಪ್ಪಾಗಿದ್ದರೂ ಮಾಡುತ್ತಿದ್ದರು, ಇದಕ್ಕೆ ಯಾವ ಬಾಯಲ್ಲಿ ಮಾಡುತ್ತಾರೆ? ನೋಟು ಎಣಿಸಿ ಕೊಟ್ಟರು. ಆತ ಐವತ್ತರ ನೋಟನ್ನು ತೆಗೆದುಕೊಂಡು, ಹೆಬ್ಬೆರಳಲ್ಲಿ ಸವರಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದ. ನಾನು ಹೊರಗಡೆ ಮುಖ ತಿರುಗಿಸಿಕೊಂಡೆ. ನಗು ಬಂದರೆ ಸಂಸಾರ ಉಳಿಯುತ್ತಿರಲಿಲ್ಲ.

ಪಿಕ್ಕೊಲೊಮಿನಿ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ, ನಿಲ್ಲಿಸಿದ ಕಾರುಗಳು. ರಸ್ತೆಯ ಈ ತುದಿಯಲ್ಲಿ ನಿಂತರೆ ಆ ತುದಿಯಲ್ಲಿ ಸೇಂಟ್ ಪೀಟರ್ಸ್ ಗುಮ್ಮಟ ಇಡೀ ಸಂದಿ ತುಂಬಿಕೊಂಡು ಎದುರಿಗೇ ಕೂತಿದೆ. ಹತ್ತಿರ ನಡೆದು ಹೋದರೆ ಚಿಕ್ಕದಾಗುತ್ತದೆ. ಹಿಂದೆ ಬಂದರೆ ದೊಡ್ಡದಾಗುತ್ತದೆ! ದೂರದಿಂದ ನೋಡುವಾಗ ಎರಡೂ ಕಡೆಯ ಕಟ್ಟಡಗಳ ನಡುವೆ ಗುಮ್ಮಟವೊಂದೇ ಕಾಣುತ್ತದೆ. ಮುಂದೆ ಹೋದಂತೆ ನೋಟ ಬಿಚ್ಚಿಕೊಂಡು ಸುತ್ತಲಿನದೆಲ್ಲ ಸೇರಿ ಅದು ಕುಗ್ಗಿದ ಹಾಗೆ ಕಾಣುತ್ತದೆ, ಅಷ್ಟೇ. ಇವರು ನಾಲ್ಕು ಸಲ ಮುಂದೆ ಹೋದರು, ನಾಲ್ಕು ಸಲ ಹಿಮ್ಮುಖವಾಗಿ ಬಂದರು. ಬಟ್ಟೆ ತೆಗೆಯುತ್ತಿದ್ದ ಅಜ್ಜಿಯೊಬ್ಬಳು ಕೆಲಸ ಬಿಟ್ಟು ನೋಡುತ್ತ ನಿಂತಳು.

ಕೊನೆಗೆ ಬಂದು ನನ್ನ ಪಕ್ಕ ನಿಂತು ಇವರು ಮೆಲ್ಲಗೆ ಅಂದರು, "ಆ ನೂರು ಯೂರೋನೂ ಹೀಗೇ ಕಣೇ. ದೂರ ಬಂದಷ್ಟೂ ದೊಡ್ಡದಾಗ್ತಾ ಇದೆ."

ವಾಪಸ್ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವರು ಹತ್ತಿದವರೇ ನೂಕಿಕೊಂಡು ಹೋಗಿ ಹಳದಿ ಡಬ್ಬಿಗೆ ಒರಗಿ ನಿಂತರು. ನಮ್ಮೆರಡು ಟಿಕೆಟ್ ತೂರಿಸಿದರು. ಟಕ್. ಅಚ್ಚು ಸರಿಯಾಗಿ ಬಿತ್ತೇ ಅಂತ ಕನ್ನಡಕ ಎತ್ತಿ ನೋಡಿದರು. ಹಿಂದಿನಿಂದ ಒಂದು ಮುದುಕಿ ಕೈ ನೀಡಿ ತನ್ನ ಟಿಕೆಟ್ ಕೊಟ್ಟಳು. ಟಕ್. ಅವಳ ಹಿಂದಿನವನದು. ಟಕ್. ಯಾರ್ಯಾರದೋ ಕೈಯಿಂದ ಕೈಗೆ ದಾಟಿ ಇನ್ನೂ ಮೂರು ಬಂತು. ಇವರ ಬೆನ್ನು ನೆಟ್ಟಗಾಯಿತು. ಒಂದೊಂದನ್ನೂ ಎರಡೂ ಬದಿ ನೋಡಿ, ತೂರಿಸಿ, ಅಚ್ಚು ಪರೀಕ್ಷಿಸಿ ವಾಪಸ್ ಕೊಡತೊಡಗಿದರು. ಒಬ್ಬ ಹುಡುಗ ಮುದುರಿದ ಟಿಕೆಟ್ ಕೊಟ್ಟದ್ದಕ್ಕೆ ಕಣ್ಣು ಕೆಂಪಗೆ ಮಾಡಿ, ತೊಡೆಯ ಮೇಲಿಟ್ಟು ಸವರಿ ನೆಟ್ಟಗೆ ಮಾಡಿದರು.

"ರೀ, ನಮ್ಮ ಸ್ಟಾಪ್ ಬಂತು, ಇಳೀರಿ" ಅಂದೆ.

"ಸ್ವಲ್ಪ ಇರೇ, ಕ್ಯೂ ಇದೆ" ಅಂದರು, ತಲೆ ಎತ್ತದೆ. "ನೆಕ್ಸ್ಟ್!"